ಆಲ್ವಾ ಮಿರ್ಡಾಲ್ ಗಂಡನ ಹಿಂದೆ ಹೋದರೇ?

ಪ್ರಶ್ನೆ: ನಾನು ಪುತ್ತೂರು ಕಡೆಯ ಒಂದು ಪದವಿ ಕಾಲೇಜಿನಲ್ಲಿ ಸಮಾಜಶಾಸ್ತ್ರ ಪಾಠ ಮಾಡುತ್ತೇನೆ. ಪಿಎಚ್‌ಡಿ ಅರ್ಧದಲ್ಲಿದೆ, ನಾಲ್ಕು ವರ್ಷದ ಮಗಳಿದ್ದಾಳೆ. ನಮ್ಮ ಮನೆಯವರಿಗೆ ದೆಹಲಿಯಲ್ಲಿ ಮೂರು ವರ್ಷದ ಸಂಶೋಧನಾ ಹುದ್ದೆ ಸಿಕ್ಕಿದೆ. ಕೆಲಸ ಬಿಟ್ಟು ಜೊತೆಗೆ ಹೋಗು ಎಂದು ಮನೆಯಲ್ಲೆಲ್ಲ ಹೇಳುತ್ತಿದ್ದಾರೆ. ಹಿರಿಯ ಸಹೋದ್ಯೋಗಿಯೊಬ್ಬರು, 'ಸ್ವೀಡನ್ನಿನ ಮಿರ್ಡಾಲ್ ದಂಪತಿಯನ್ನು ನೋಡಿ, ಹೆಂಡತಿ ಗಂಡನ ಜೊತೆ ಊರೂರು ತಿರುಗಿದರು, ಕೊನೆಗೆ ಇಬ್ಬರಿಗೂ ಒಟ್ಟಿಗೇ ನೊಬೆಲ್ ಬಂತು' ಎಂದರು. ಮಹಿಳಾ ದಿನಾಚರಣೆಗೆ ಆ ದಂಪತಿಯ ಬಗ್ಗೆಯೇ ಮಾತಾಡಿ ಎಂದು ಪ್ರಾಂಶುಪಾಲರೂ ಹೇಳಿದ್ದಾರೆ. ಓದಲು ಕೂತರೆ, ಇವರು ಬಲವಂತದ ಸಂತಾನಹರಣ ಶಸ್ತ್ರಚಿಕಿತ್ಸೆಯನ್ನು ಬೆಂಬಲಿಸಿದವರು ಎಂದು ಎಲ್ಲೋ ಸಿಕ್ಕಿತು, ಮಗನೇ ತಂದೆ ತಾಯಿಯ ವಿರುದ್ಧ ಪುಸ್ತಕ ಬರೆದ ಎಂದು ಇನ್ನೆಲ್ಲೋ. ಯಾವುದು ನಿಜ? ಇಂಥವರನ್ನು ಮಕ್ಕಳ ಮುಂದೆ ಮಾದರಿ ಎಂದು ನಿಲ್ಲಿಸಲೇ, ಬಿಟ್ಟುಬಿಡಲೇ?

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಪ್ರಶ್ನೆಗಳಿವೆ. ಒಂದು ಭಾಷಣದ್ದು, ಇನ್ನೊಂದು ದೆಹಲಿಯದ್ದು. ಎರಡನೆಯದಕ್ಕೆ ತೀರ್ಪು ಕೊಡುವ ಅಧಿಕಾರ ನನಗಿಲ್ಲ. ಆದರೆ ನಿಮ್ಮ ಸಹೋದ್ಯೋಗಿ ಕೊಟ್ಟ ಉದಾಹರಣೆ ತಲೆಕೆಳಗಾಗಿದೆ ಎಂದು ತೋರಿಸುವುದು ಮೂವತ್ತು ವರ್ಷ ಅಭಿವೃದ್ಧಿ ಅರ್ಥಶಾಸ್ತ್ರ ಪಾಠ ಮಾಡಿದ ನನಗೆ ಕಷ್ಟವಲ್ಲ.

ಮೊದಲು ಸಣ್ಣ ತಪ್ಪು. ಇಬ್ಬರಿಗೂ ನೊಬೆಲ್ ಬಂದದ್ದು ಹೌದು, ಒಟ್ಟಿಗೆ ಬಂದದ್ದಲ್ಲ. ಗಂಡ ಗುನ್ನಾರ್‌ಗೆ 1974ರಲ್ಲಿ ಅರ್ಥಶಾಸ್ತ್ರಕ್ಕೆ, ಹೆಂಡತಿ ಆಲ್ವಾಗೆ 1982ರಲ್ಲಿ ಶಾಂತಿಗೆ. ಆಗ ಆಕೆಗೆ ಎಂಬತ್ತು ವರ್ಷ. ಕ್ಯೂರಿ ದಂಪತಿ, ಇತ್ತೀಚೆಗೆ ಅಭಿಜಿತ್ ಬ್ಯಾನರ್ಜಿ ಮತ್ತು ಎಸ್ತರ್ ಡುಫ್ಲೊ ಒಂದೇ ಕೆಲಸಕ್ಕೆ ಒಂದೇ ಪ್ರಶಸ್ತಿಯನ್ನು ಹಂಚಿಕೊಂಡವರು. ಮಿರ್ಡಾಲ್‌ಗಳದ್ದು ಹಾಗಲ್ಲ, ಕ್ಷೇತ್ರ ಬೇರೆ, ವರ್ಷ ಬೇರೆ, ಪ್ರಶಸ್ತಿ ಹಂಚಿಕೊಂಡವರೂ ಬೇರೆ. ಆಲ್ವಾ ಜೊತೆಗೆ ಮೆಕ್ಸಿಕೊದ ಅಲ್ಫೊನ್ಸೊ ಗಾರ್ಸಿಯಾ ರೊಬ್ಲೆಸ್ ಇದ್ದರು. ಗುನ್ನಾರ್ ಪಕ್ಕದಲ್ಲಿ ನಿಂತದ್ದು ಫ್ರೀಡ್ರಿಕ್ ಹಾಯೆಕ್. ಸರ್ಕಾರ ಯೋಜನೆ ಹಾಕಿ ಬಡತನ ತೊಲಗಿಸಬೇಕು ಎನ್ನುವವರಿಗೂ ಸರ್ಕಾರ ಯೋಜನೆ ಹಾಕಿದರೇ ಗುಲಾಮಗಿರಿ ಎನ್ನುವವರಿಗೂ ಒಂದೇ ಹಾರ! ಆ ವರ್ಷದ ಆಯ್ಕೆಯನ್ನು ತರಗತಿಯಲ್ಲಿ ಹೇಳಿದಾಗಲೆಲ್ಲ ಹಿಂದಿನ ಬೆಂಚಿನವರೂ ನಕ್ಕಿದ್ದಾರೆ.

ಒಬ್ಬ ವಿದ್ಯಾರ್ಥಿ ಒಮ್ಮೆ ಉತ್ತರಪತ್ರಿಕೆಯಲ್ಲಿ 'ಶ್ರೀಮತಿ ಆಳ್ವ' ಎಂದು ಬರೆದು, ಅವರು ಮಂಗಳೂರು ಮೂಲದವರು ಎಂದೂ ಸೇರಿಸಿದ್ದ. ನಿಮ್ಮ ಊರಿನಲ್ಲಿ ಈ ಅಪಾಯ ಇನ್ನೂ ಹೆಚ್ಚು. ಭಾಷಣದ ಮೊದಲ ಸಾಲಿನಲ್ಲೇ ಆಲ್ವಾ ರೈಮರ್ ಎಂದು ತವರಿನ ಹೆಸರು ಹೇಳಿಬಿಡಿ.

ಆಲ್ವಾ ಹುಟ್ಟಿದ್ದು 1902ರಲ್ಲಿ ಉಪ್ಸಾಲಾದಲ್ಲಿ, ಬೆಳೆದದ್ದು ಎಸ್ಕಿಲ್‌ಸ್ಟೂನಾ ಊರಿನ ಕಡೆ. ಆ ಊರಿನ ಸರ್ಕಾರಿ ಶಾಲೆಯ ಮೇಲಿನ ತರಗತಿಗಳಿಗೆ ಆಗ ಹುಡುಗಿಯರಿಗೆ ಪ್ರವೇಶವಿರಲಿಲ್ಲ. ಓದಬೇಕೆಂಬ ಹಟಕ್ಕೆ ಬಿದ್ದು ಕಚೇರಿಯಲ್ಲಿ ದುಡಿದರು, ಪರೀಕ್ಷೆಗೆ ಕೂರಲು ಬೇರೆ ದಾರಿ ಹುಡುಕಬೇಕಾಯಿತು. 1919ರ ಬೇಸಿಗೆಯಲ್ಲಿ ಸೈಕಲ್ ಪ್ರವಾಸ ಹೊರಟ ಮೂವರು ವಿದ್ಯಾರ್ಥಿಗಳು ರಾತ್ರಿ ತಂಗಲು ಅವರ ತೋಟದ ಮನೆಗೆ ಬಂದರು. ಅವರಲ್ಲೊಬ್ಬ ಗುನ್ನಾರ್, ಡಾಲಾರ್ನಾ ಸೀಮೆಯವನು, ರೈಲ್ವೆಯಲ್ಲಿ ಕೆಲಸ ಮಾಡುತ್ತಿದ್ದವರ ಮಗ. 1924ರಲ್ಲಿ ಮದುವೆ. ಜಾನ್, ಸಿಸೆಲಾ, ಕಾಯ್ ಎಂದು ಮೂವರು ಮಕ್ಕಳು.

ಇಬ್ಬರೂ ಸೇರಿ ಬರೆದ, ಇಬ್ಬರನ್ನೂ ಮನೆಮಾತಾಗಿಸಿದ ಪುಸ್ತಕ ಬಂದದ್ದು 1934ರ ಕೊನೆಯಲ್ಲಿ. ಹೆಸರನ್ನು ಕನ್ನಡಕ್ಕೆ ತಂದರೆ 'ಜನಸಂಖ್ಯೆಯ ಪ್ರಶ್ನೆಯಲ್ಲಿ ಬಿಕ್ಕಟ್ಟು'. ನಮಗೆ ಜನಸಂಖ್ಯೆಯ ಬಿಕ್ಕಟ್ಟು ಎಂದರೆ ಹೆಚ್ಚಾದದ್ದು, ಅವರಿಗೆ ಕಡಿಮೆಯಾದದ್ದು. ಯುರೋಪಿನಲ್ಲೇ ಅತಿ ಕಡಿಮೆ ಜನನ ಪ್ರಮಾಣವಿದ್ದ ದೇಶಗಳಲ್ಲಿ ಸ್ವೀಡನ್ ಒಂದಾಗಿತ್ತು. ಹೆಂಗಸರು ಕೆಲಸಕ್ಕೆ ಹೋಗುವುದರಿಂದಲೇ ಹೀಗಾಯಿತು, ಅವರನ್ನು ಮನೆಗೆ ಕಳಿಸಿ, ಗರ್ಭನಿರೋಧಕಗಳನ್ನು ನಿಷೇಧಿಸಿ ಎಂಬುದು ಅಲ್ಲಿನ ಸಂಪ್ರದಾಯಸ್ಥರ ವಾದ. ಗರ್ಭನಿರೋಧದ ಪ್ರಚಾರಕ್ಕೆ 1910ರಿಂದ ನಿಷೇಧ ಇದ್ದೇ ಇತ್ತು. (ಅದೇ ಹೊತ್ತಿಗೆ ನಮ್ಮ ಮೈಸೂರು ಸಂಸ್ಥಾನ 1930ರಲ್ಲಿ ಸರ್ಕಾರದ ವತಿಯಿಂದಲೇ ಸಂತಾನ ನಿಯಂತ್ರಣ ಚಿಕಿತ್ಸಾಲಯ ತೆರೆದಿತ್ತು. ಈ ಮಾತು ಹೇಳಿದರೆ ಸ್ವೀಡನ್ನಿನವರು ನಂಬುವುದಿಲ್ಲ.)

ಮಿರ್ಡಾಲ್‌ಗಳು ಈ ವಾದವನ್ನೇ ಬುಡಮೇಲು ಮಾಡಿದರು. ಮಗು ಬೇಡವೆನ್ನುವುದು ಸ್ವಾರ್ಥದಿಂದಲ್ಲ, ಮನೆ ಇಕ್ಕಟ್ಟು, ಬಾಡಿಗೆ ದುಬಾರಿ, ಮಗುವಾದರೆ ಕೆಲಸ ಹೋಗುತ್ತದೆ ಎಂಬ ಲೆಕ್ಕದಿಂದ ಎಂದರು. ಹಾಗಿದ್ದರೆ ಲೆಕ್ಕ ಬದಲಾಗಬೇಕು: ಮಗುವಿನ ಖರ್ಚಿನಲ್ಲಿ ಒಂದು ಪಾಲನ್ನು ಸಮಾಜವೇ ಹೊರಬೇಕು. ಹೆರಿಗೆ ಭತ್ಯೆ, ದೊಡ್ಡ ಸಂಸಾರಗಳಿಗೆ ಮನೆ, ಶಾಲೆಯಲ್ಲಿ ಊಟ, ಮಕ್ಕಳನ್ನು ನೋಡಿಕೊಳ್ಳುವ ಕೇಂದ್ರ, ಬೇಡದ ಗರ್ಭ ತಡೆಯುವ ಹಕ್ಕು, ಎಲ್ಲವೂ ಒಟ್ಟಿಗೆ. 1935ರಲ್ಲಿ ಸರ್ಕಾರ ಜನಸಂಖ್ಯಾ ಆಯೋಗ ರಚಿಸಿತು, ಗುನ್ನಾರ್ ಅದರ ಸದಸ್ಯರಾದರು. 1938ರಲ್ಲಿ ಗರ್ಭನಿರೋಧದ ನಿಷೇಧ ಹೋಯಿತು. ಎಲ್ಲ ಮಕ್ಕಳಿಗೂ ಭತ್ಯೆ 1948ರಲ್ಲಿ ಬಂತು. ಇದೆಲ್ಲ ಇವರಿಬ್ಬರೇ ಮಾಡಿದ್ದು ಎನ್ನಬೇಡಿ. ಸಾಮಾಜಿಕ ಪ್ರಜಾಪ್ರಭುತ್ವವಾದಿ ಪಕ್ಷ, ಕಾರ್ಮಿಕ ಸಂಘಗಳು, ಮಹಿಳಾ ಸಂಘಟನೆಗಳು ಎಲ್ಲವೂ ಇದ್ದವು. ಆದರೆ ವಾದದ ಚೌಕಟ್ಟು ಇವರದು. ಸ್ವೀಡನ್ನಿನ ಜನ ತಮಾಷೆಗೆ ಸೋಫಾಕ್ಕೂ ಇವರ ಹೆಸರಿಟ್ಟರು. ಯಾಕೆಂದು ವಿದ್ಯಾರ್ಥಿಗಳಿಗೆ ವಿವರಿಸುವ ಕಷ್ಟ ನಿಮಗೆ ಬೇಡ.

ಆಲ್ವಾ ಅವರ ಸ್ವಂತ ಕೆಲಸ ಇಲ್ಲಿಂದಲೇ ಕಾಣತೊಡಗುತ್ತದೆ. 1936ರಲ್ಲಿ ಸ್ಟಾಕ್‌ಹೋಮಿನಲ್ಲಿ ಶಿಶುವಿಹಾರದ ಶಿಕ್ಷಕಿಯರಿಗೆ ತರಬೇತಿ ಕೊಡುವ ಸಂಸ್ಥೆ ಕಟ್ಟಿ ತಾವೇ ನಡೆಸಿದರು. ವಾಸ್ತುಶಿಲ್ಪಿ ಸ್ವೆನ್ ಮಾರ್ಕೇಲಿಯುಸ್ ಜೊತೆ ಸೇರಿ ರೂಪಿಸಿದ ಸಾಮೂಹಿಕ ವಸತಿ ಕಟ್ಟಡ 1935ರಲ್ಲಿ ತೆರೆಯಿತು. ಕೆಳಗೆ ಒಂದೇ ಅಡುಗೆಮನೆ, ಅಲ್ಲಿಂದ ಸಣ್ಣ ಲಿಫ್ಟಿನಲ್ಲಿ ಮೇಲಿನ ಮನೆಗಳಿಗೆ ಊಟ, ನೆಲಮಹಡಿಯಲ್ಲಿ ಶಿಶುಪಾಲನಾ ಕೇಂದ್ರ. ಮಿರ್ಡಾಲ್‌ಗಳು ಮಾತ್ರ ಅಲ್ಲಿ ಸಂಸಾರ ಹೂಡಲಿಲ್ಲ, ಅದೇ ಮಾರ್ಕೇಲಿಯುಸ್ ಕೈಯಲ್ಲಿ ಬ್ರೊಮ್ಮಾ ಬಡಾವಣೆಯಲ್ಲಿ ಸ್ವಂತ ಬಂಗಲೆ ಕಟ್ಟಿಸಿಕೊಂಡರು. ಊರಿಗೆಲ್ಲ ಉಪದೇಶ ಎಂದು ಟೀಕಿಸಿದವರಿಗೆ ಇದು ಕೈಗೆ ಸಿಕ್ಕ ಕೋಲಾಯಿತು.

ನನ್ನ ಲೆಕ್ಕದಲ್ಲಿ ಅದಕ್ಕಿಂತ ದೊಡ್ಡದು, ಹೆಣ್ಣುಮಕ್ಕಳ ಉದ್ಯೋಗದ ಬಗೆಗಿನ ಸರ್ಕಾರಿ ಸಮಿತಿಯ ಕಾರ್ಯದರ್ಶಿಯಾಗಿ ಆಕೆ ಮಾಡಿದ ಕೆಲಸ. ಮದುವೆಯಾದಳು, ನಿಶ್ಚಿತಾರ್ಥವಾಯಿತು, ಬಸುರಿಯಾದಳು ಎಂಬ ಕಾರಣಕ್ಕೆ ಹೆಣ್ಣನ್ನು ಕೆಲಸದಿಂದ ತೆಗೆಯಬಾರದು ಎಂದು ಸ್ವೀಡನ್ 1939ರಲ್ಲಿ ಕಾನೂನು ಮಾಡಿತು. ನಮ್ಮಲ್ಲಿ? ಕೊಡಗಿನ ವಿರಾಜಪೇಟೆಯವರಾದ ಸಿ.ಬಿ. ಮುತ್ತಮ್ಮ 1949ರಲ್ಲಿ ವಿದೇಶಾಂಗ ಸೇವೆಗೆ ಸೇರಿದರು. ಆ ಸೇವೆಯಲ್ಲಿ ಮಹಿಳಾ ಅಧಿಕಾರಿ ಮದುವೆಯಾಗಲು ಸರ್ಕಾರದ ಲಿಖಿತ ಅನುಮತಿ ಪಡೆಯಬೇಕು, ಸಂಸಾರದಿಂದ ಕೆಲಸಕ್ಕೆ ಅಡ್ಡಿ ಎನಿಸಿದರೆ ರಾಜೀನಾಮೆ ಕೊಡಬೇಕು ಎಂಬ ನಿಯಮವಿತ್ತು. ಅದರ ವಿರುದ್ಧ ಅವರು ಸುಪ್ರೀಂ ಕೋರ್ಟಿಗೆ ಹೋದರು. ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಸರ್ಕಾರದ ಕಿವಿ ಹಿಂಡಿದ್ದು 1979ರಲ್ಲಿ. ಅದೇ ಮುತ್ತಮ್ಮ ಮುಂದೆ ಸ್ವೀಡನ್ನಿನ ರಾಜಕಾರಣಿ ಓಲೋಫ್ ಪಾಲ್ಮೆ ಅಧ್ಯಕ್ಷತೆಯ ನಿಶ್ಶಸ್ತ್ರೀಕರಣ ಆಯೋಗದಲ್ಲಿ ಭಾರತದ ಸದಸ್ಯೆಯಾಗಿ ಕೂತರು. ನಿಮ್ಮ ಭಾಷಣಕ್ಕೆ ಇದಕ್ಕಿಂತ ಹತ್ತಿರದ ಕೊಂಡಿ ಬೇಕೇ?

ಈಗ ಕಹಿ ವಿಷಯ. ಬಲವಂತದ ಸಂತಾನಹರಣದ ಆರೋಪ ಸುಳ್ಳಲ್ಲ, ಆದರೆ ಅಂತರ್ಜಾಲದಲ್ಲಿ ಸುತ್ತುವ ರೂಪದಲ್ಲಿ ಪೂರ್ತಿ ನಿಜವೂ ಅಲ್ಲ. 'ಸ್ವೀಡನ್ನಿಗೆ ಈ ಕಾನೂನು ತಂದವರೇ ಮಿರ್ಡಾಲ್‌ಗಳು' ಎನ್ನುವುದು ತಪ್ಪು. ಉಪ್ಸಾಲಾದಲ್ಲಿ ಸರ್ಕಾರಿ ಜನಾಂಗ ಜೀವಶಾಸ್ತ್ರ ಸಂಸ್ಥೆ 1922ರಿಂದಲೇ ಇತ್ತು, ಬಹುತೇಕ ಎಲ್ಲ ಪಕ್ಷಗಳೂ ಇದನ್ನು ಒಪ್ಪಿದ್ದವು. ಮೊದಲ ಕಾನೂನು 1934ರಲ್ಲಿ ಸಂಸತ್ತಿನಲ್ಲಿ ಪಾಸಾದಾಗ ಇವರ ಪುಸ್ತಕ ಇನ್ನೂ ಹೊರಬಂದಿರಲಿಲ್ಲ. ಆದರೆ ಹೊರಬಂದ ಪುಸ್ತಕ ಆ ಕಾನೂನನ್ನು ವಿರೋಧಿಸಲಿಲ್ಲ, ಬೆಂಬಲಿಸಿತು. ಜನಾಂಗ ಶ್ರೇಷ್ಠತೆಯ ಮಾತನ್ನು ಅವರು ತಿರಸ್ಕರಿಸಿದ್ದರು. 'ಮಂದಬುದ್ಧಿ'ಯವರು, ಮಕ್ಕಳನ್ನು ಸಾಕಲಾರದವರು ಹೆರಬಾರದು, ಒಪ್ಪದಿದ್ದರೆ ಒತ್ತಾಯಿಸಬಹುದು ಎಂಬುದನ್ನು ಮಾತ್ರ ಒಪ್ಪಿದರು. 1941ರಲ್ಲಿ ಕಾನೂನಿನ ವ್ಯಾಪ್ತಿ ಹಿಗ್ಗಿತು. ಎಪ್ಪತ್ತರ ದಶಕದ ನಡುವಿನ ತನಕ ಸುಮಾರು 63,000 ಜನರಿಗೆ ಶಸ್ತ್ರಚಿಕಿತ್ಸೆಯಾಯಿತು, ಅವರಲ್ಲಿ ಶೇ. 90ಕ್ಕೂ ಹೆಚ್ಚು ಹೆಂಗಸರು. ಎಲ್ಲವೂ ಬಲವಂತದ್ದಲ್ಲ. ಆದರೆ ಆಸ್ಪತ್ರೆಯಿಂದ ಬಿಡುಗಡೆ ಬೇಕಿದ್ದರೆ ಸಹಿ ಹಾಕು, ಗರ್ಭಪಾತಕ್ಕೆ ಅನುಮತಿ ಬೇಕಿದ್ದರೆ ಸಹಿ ಹಾಕು ಎಂದರೆ ಆ ಸಹಿಗೆ ಒಪ್ಪಿಗೆ ಎಂಬ ಹೆಸರು ಸಲ್ಲುವುದಿಲ್ಲ. 1997ರಲ್ಲಿ ಪತ್ರಿಕೆಯೊಂದು ಇದನ್ನು ಮತ್ತೆ ಎತ್ತಿದಾಗ ದೇಶ ತಲ್ಲಣಿಸಿತು. 1999ರಲ್ಲಿ ಸಂತ್ರಸ್ತರಿಗೆ ತಲಾ 1,75,000 ಕ್ರೋನಾ ಪರಿಹಾರ ನಿಗದಿಯಾಯಿತು.

ಕಾರಣ ಎಲ್ಲಿದೆ? ನನಗೆ ತೋಚುವುದು ಇಷ್ಟು. 'ಮಗುವಿನ ಹೊಣೆಯಲ್ಲಿ ಸಮಾಜಕ್ಕೂ ಪಾಲಿದೆ' ಎಂಬ ಮಾತಿಗೆ ಎರಡು ಬಾಗಿಲುಗಳಿವೆ. ಒಂದು ಬಾಗಿಲಿನಿಂದ ಹಾಲು, ಊಟ, ಭತ್ಯೆ ಒಳಗೆ ಬರುತ್ತವೆ. ಇನ್ನೊಂದರಿಂದ, 'ಹಾಗಾದರೆ ಯಾರು ಹೆರಬೇಕೆಂದು ಹೇಳುವ ಹಕ್ಕೂ ಸಮಾಜಕ್ಕಿದೆ' ಎನ್ನುವ ಅಧಿಕಾರಿ ಬರುತ್ತಾನೆ. ಇಬ್ಬರು ಬುದ್ಧಿವಂತರು ಎರಡನೇ ಬಾಗಿಲಿಗೆ ಚಿಲಕ ಹಾಕಲಿಲ್ಲ. 1976–77ರ ಒಂದೇ ವರ್ಷದಲ್ಲಿ 80 ಲಕ್ಷಕ್ಕೂ ಹೆಚ್ಚು ಜನರಿಗೆ 'ಆಪರೇಷನ್' ಮಾಡಿದ ದೇಶದವರು ನಾವು, ತುರ್ತು ಪರಿಸ್ಥಿತಿ ಕಂಡ ಅಜ್ಜಂದಿರು ನಿಮ್ಮ ಸಭೆಯಲ್ಲೂ ಇರಬಹುದು. ಅವರೆದುರು ಇದನ್ನು ಮುಚ್ಚಿಟ್ಟು ಮಾತಾಡಬೇಡಿ.

ಗುನ್ನಾರ್ ಅವರ ಕೆಲಸಕ್ಕೆ ಬರುತ್ತೇನೆ. 1938ರಲ್ಲಿ ಅಮೆರಿಕದ ಕಾರ್ನೆಗಿ ಸಂಸ್ಥೆ ಅವರನ್ನು ಕರೆಸಿ, ಕಪ್ಪು ಜನರ ಸ್ಥಿತಿಯ ಅಧ್ಯಯನ ಒಪ್ಪಿಸಿತು. ವಸಾಹತು ಇಲ್ಲದ ದೇಶದ ಹೊರಗಿನವನು ನಿಷ್ಪಕ್ಷಪಾತಿ ಆಗಿರುತ್ತಾನೆ ಎಂಬ ಲೆಕ್ಕ. 1944ರಲ್ಲಿ ಬಂದ ಸುಮಾರು 1,500 ಪುಟಗಳ 'ಆ್ಯನ್ ಅಮೆರಿಕನ್ ಡೈಲೆಮಾ' ಹೇಳಿದ್ದು, ಇದು ಕಪ್ಪು ಜನರ ಸಮಸ್ಯೆಯಲ್ಲ, ಸಮಾನತೆಯ ಮಂತ್ರ ಜಪಿಸುತ್ತ ಅಸಮಾನವಾಗಿ ನಡೆದುಕೊಳ್ಳುವ ಬಿಳಿಯರ ಮನಸ್ಸಿನ ಸಮಸ್ಯೆ ಎಂದು. ತಾರತಮ್ಯದಿಂದ ಬಡತನ, ಬಡತನ ತೋರಿಸಿ ಮತ್ತೆ ತಾರತಮ್ಯ, ಹೀಗೆ ಗಾಣದಂತೆ ಸುತ್ತುವ ಕಾರಣಗಳನ್ನು ಅವರು ಬಿಡಿಸಿಟ್ಟರು. ಜಾತಿಯ ಬಗ್ಗೆ ಪಾಠ ಮಾಡುವ ನಿಮಗೆ ಇದನ್ನು ವಿವರಿಸಬೇಕಿಲ್ಲ. ಶಾಲೆಗಳಲ್ಲಿ ವರ್ಣಭೇದ ಸಲ್ಲದು ಎಂದ ಅಮೆರಿಕದ ಸುಪ್ರೀಂ ಕೋರ್ಟಿನ 1954ರ ಬ್ರೌನ್ ತೀರ್ಪಿನ ಹನ್ನೊಂದನೇ ಅಡಿಟಿಪ್ಪಣಿಯಲ್ಲಿ ಈ ಪುಸ್ತಕದ ಹೆಸರಿದೆ. ಜೊತೆಗೆ ದುಡಿದ ಕಪ್ಪು ವಿದ್ವಾಂಸರಲ್ಲಿ ರಾಲ್ಫ್ ಬಂಚ್ ಮುಂದೆ ತಾವೇ ಶಾಂತಿ ನೊಬೆಲ್ ಪಡೆದರು.

ನಮಗೆ ಹೆಚ್ಚು ಹತ್ತಿರದ್ದು 1968ರ 'ಏಷ್ಯನ್ ಡ್ರಾಮಾ'. ಮೂರು ಸಂಪುಟ, ಎರಡು ಸಾವಿರಕ್ಕೂ ಮೀರಿದ ಪುಟ. ನಾನು ಪೂರ್ತಿ ಓದಿದ್ದೇನೆ ಎಂದರೆ ನಂಬಬೇಡಿ. ಅದರ ಮುಖ್ಯ ಮಾತು 'ಸಾಫ್ಟ್ ಸ್ಟೇಟ್', ನಾನು ಮೆದು ಪ್ರಭುತ್ವ ಎಂದು ಪಾಠ ಮಾಡುತ್ತಿದ್ದೆ. ಕಾನೂನು ಬರೆಯುತ್ತದೆ, ಜಾರಿ ಮಾಡುವುದಿಲ್ಲ, ಜಾರಿಯಾಗದಿರುವುದರಿಂದ ಉಳ್ಳವರಿಗೆ ಲಾಭ. ಭೂ ಸುಧಾರಣೆಯೇ ಅವರ ಮುಖ್ಯ ಸಾಕ್ಷಿ. ಇಲ್ಲಿ ನಿಮ್ಮ ಜಿಲ್ಲೆಯನ್ನೇ ಅವರ ಎದುರು ನಿಲ್ಲಿಸಬಹುದು. 1974ರ ತಿದ್ದುಪಡಿಯ ನಂತರ ದಕ್ಷಿಣ ಕನ್ನಡದ ಗೇಣಿದಾರರು ಭೂ ನ್ಯಾಯಮಂಡಳಿಗೆ ಡಿಕ್ಲರೇಷನ್ ಹಾಕಿ ಗದ್ದೆ ತೋಟ ಪಡೆದದ್ದು ಆ ಪುಸ್ತಕದ ನಿರಾಶೆಗೆ ಒಂದು ಒಳ್ಳೆಯ ಉತ್ತರ. ಅದೇ ಕಾನೂನು ಬೇರೆ ಜಿಲ್ಲೆಗಳಲ್ಲಿ ಎಷ್ಟು ಸೊರಗಿತೆಂದು ನೋಡಿದರೆ ಗುನ್ನಾರ್ ಮತ್ತೆ ಗೆಲ್ಲುತ್ತಾರೆ. ಪೂರ್ವ ಮತ್ತು ಆಗ್ನೇಯ ಏಷ್ಯಾ ಅಷ್ಟು ಬೇಗ ಮೇಲೇಳುತ್ತದೆ ಎಂಬ ಅಂದಾಜು ಮಾತ್ರ ಆ ಪುಸ್ತಕಕ್ಕೆ ಇರಲಿಲ್ಲ.

ಈಗ ನಿಮ್ಮ ಸಹೋದ್ಯೋಗಿಯ ಮಾತು. ಆಲ್ವಾ ಗಂಡನ ಹಿಂದೆ ಹೋದರೇ? ಹೋದರು, ಮೊದಲ ಇಪ್ಪತ್ತೈದು ವರ್ಷ. 1929ರಲ್ಲಿ ಇಬ್ಬರಿಗೂ ರಾಕ್‌ಫೆಲ್ಲರ್ ವಿದ್ಯಾರ್ಥಿವೇತನ ಸಿಕ್ಕಿತು, ಎರಡು ವರ್ಷದ ಜಾನ್‌ನನ್ನು ಅಜ್ಜ ಅಜ್ಜಿಯ ಬಳಿ ಬಿಟ್ಟು ಅಮೆರಿಕಕ್ಕೆ ಹೊರಟರು. 1938ರಲ್ಲಿ ತಮ್ಮ ತರಬೇತಿ ಸಂಸ್ಥೆ ಕಣ್ಣು ಬಿಡುತ್ತಿದ್ದ ಹೊತ್ತಿಗೆ ಗುನ್ನಾರ್ ಕೆಲಸಕ್ಕಾಗಿ ಮತ್ತೆ ಅಮೆರಿಕ. ಯುದ್ಧದ ನಡುವೆ, 1941ರಲ್ಲಿ, ಮಕ್ಕಳನ್ನು ಸ್ವೀಡನ್ನಿನಲ್ಲೇ ಬಿಟ್ಟು ಇನ್ನೊಮ್ಮೆ. 1947ರಲ್ಲಿ ಗುನ್ನಾರ್ ವಿಶ್ವಸಂಸ್ಥೆಯ ಯುರೋಪ್ ಆರ್ಥಿಕ ಆಯೋಗದ ಮುಖ್ಯಸ್ಥರಾಗಿ ಜಿನೀವಾಕ್ಕೆ ಹೋದಾಗ ಆಲ್ವಾ ಅಲ್ಲಿಗೂ ಹೋದರು, ಸ್ವಂತ ಹುದ್ದೆಯಿಲ್ಲದೆ.

1949ರಲ್ಲಿ ವಿಶ್ವಸಂಸ್ಥೆ ಆಕೆಯನ್ನೇ ಕರೆಯಿತು, ಸಮಾಜ ಕಲ್ಯಾಣ ವಿಭಾಗಕ್ಕೆ, ನ್ಯೂಯಾರ್ಕಿನಲ್ಲಿ. ಗುನ್ನಾರ್ ಜಿನೀವಾದಲ್ಲೇ ಉಳಿದರು, ಆಲ್ವಾ ಹೋದರು. ಮರುವರ್ಷ ಪ್ಯಾರಿಸ್, ಯುನೆಸ್ಕೊದ ಸಮಾಜ ವಿಜ್ಞಾನ ವಿಭಾಗದ ನಿರ್ದೇಶಕಿ. ಅಲ್ಲಿಂದ 1955ರಲ್ಲಿ ಸ್ವೀಡನ್ನಿನ ರಾಯಭಾರಿಯಾಗಿ ದೆಹಲಿ, 1961ರ ತನಕ. ಗಮನಿಸಿ, ದೆಹಲಿಯ ಹುದ್ದೆ ಹೆಂಡತಿಯದು. ಗುನ್ನಾರ್ ಜಿನೀವಾ ಬಿಟ್ಟದ್ದು 1957ರಲ್ಲಿ. ಆಮೇಲೆ ರಾಯಭಾರಿಯ ಗಂಡನಾಗಿ ದೆಹಲಿಯಲ್ಲಿ ಕೂತು ಏಷ್ಯಾದ ಪುಸ್ತಕಕ್ಕೆ ಕೈ ಹಾಕಿದರು. ನಿಶ್ಶಸ್ತ್ರೀಕರಣದ ಕೆಲಸ ಶುರುವಾದದ್ದು ಅದೂ ಆದ ಮೇಲೆ, ಅರವತ್ತರ ಹೊಸ್ತಿಲಿನಲ್ಲಿ. 1962ರಿಂದ 1973ರ ತನಕ ಜಿನೀವಾ ಮಾತುಕತೆಯಲ್ಲಿ ಸ್ವೀಡನ್ನಿನ ನಿಯೋಗಕ್ಕೆ ಆಕೆಯೇ ನಾಯಕಿ. ಸ್ವೀಡನ್ನೇ ಅಣುಬಾಂಬ್ ಮಾಡಬೇಕೆಂಬ ವಾದ ಆ ದೇಶದೊಳಗೆ ಬಲವಾಗಿದ್ದ ಕಾಲ ಅದು. ಬೇಡವೆಂದವರ ಸಾಲಿನಲ್ಲಿ ಆಲ್ವಾ ಮುಂದಿದ್ದರು. ಭೂಗರ್ಭದ ಪರೀಕ್ಷೆಗಳನ್ನು ಭೂಕಂಪ ಮಾಪಕಗಳಿಂದ ಹಿಡಿಯಬಹುದು, ಹಾಗಾಗಿ 'ಪತ್ತೆ ಹಚ್ಚಲಾಗದು' ಎಂಬ ನೆಪ ನಡೆಯದು ಎಂದು ದೊಡ್ಡ ದೇಶಗಳ ಮುಂದೆ ಅಂಕಿ ಅಂಶ ಹಿಡಿದು ಕೂರುತ್ತಿದ್ದರು. 1966ರಲ್ಲಿ ಹುಟ್ಟಿದ ಸ್ಟಾಕ್‌ಹೋಮ್ ಶಾಂತಿ ಸಂಶೋಧನಾ ಸಂಸ್ಥೆಯ ಮೊದಲ ಅಧ್ಯಕ್ಷೆಯೂ ಆಕೆಯೇ, ಅವರ ನಂತರ ಆ ಕುರ್ಚಿಗೆ ಬಂದವರು ಗುನ್ನಾರ್. ಯಾರ ಹಿಂದೆ ಯಾರು ಎಂದು ಈಗ ನಿಮ್ಮ ಸಹೋದ್ಯೋಗಿಯನ್ನು ಕೇಳಿ.

ಬೆಲೆ ತೆತ್ತವರು ಯಾರು ಎಂದೂ ಕೇಳಬೇಕು. ಜಾನ್ ತನ್ನ ಬಾಲ್ಯದ ಕಥನ ಪ್ರಕಟಿಸಿದ್ದು 1982ರಲ್ಲಿ, ತಾಯಿಗೆ ಶಾಂತಿ ನೊಬೆಲ್ ಬಂದ ವರ್ಷವೇ. ತಂದೆ ತಾಯಿಗೆ ತಾನು ಬೇಡದವನಾಗಿದ್ದೆ ಎಂಬ ಸಿಟ್ಟು ಅದರಲ್ಲಿದೆ. ತತ್ವಶಾಸ್ತ್ರಜ್ಞೆಯಾದ ಮಗಳು ಸಿಸೆಲಾ 1987ರಲ್ಲಿ ತಾಯಿಯ ಬಗ್ಗೆ ಬರೆದದ್ದು ಬೇರೆಯೇ ದನಿಯಲ್ಲಿ, ಪ್ರೀತಿಯಿಂದ, ಆದರೆ ಕಣ್ಣು ಮುಚ್ಚಿಯಲ್ಲ. ಒಂದೇ ಮನೆಯ ಮಕ್ಕಳು ಎರಡು ಮನೆ ನೆನಪಿಟ್ಟುಕೊಂಡಿದ್ದಾರೆ. ಒಬ್ಬರನ್ನು ಮಾತ್ರ ಉದ್ಧರಿಸಿ ಮುಗಿಸುವುದು ನ್ಯಾಯವಲ್ಲ. ಮತ್ತೆ, ಬಿಟ್ಟು ಹೋದ ತಂದೆಯನ್ನು ಯಾರೂ ಅಷ್ಟಾಗಿ ಕೇಳುವುದಿಲ್ಲ, ತಾಯಿಯನ್ನೇ ಕೇಳುತ್ತಾರೆ ಎಂಬುದನ್ನೂ ನಿಮ್ಮ ವಿದ್ಯಾರ್ಥಿನಿಯರು ತಾವೇ ಗುರುತಿಸುತ್ತಾರೆ.

ಭಾಷಣಕ್ಕೆ ನಿಮ್ಮೆದುರು ಮೂರು ದಾರಿ ಇವೆ. ಆದರ್ಶ ದಂಪತಿ ಎಂದು ಹೊಗಳುವುದು ಸುಲಭ, ಆದರೆ ಸಭೆಯಲ್ಲಿ ಒಬ್ಬರು ಮೊಬೈಲ್ ತೆಗೆದು 63,000 ಎಂದು ಓದಿದರೆ ಅಲ್ಲಿಗೆ ಮುಗಿಯಿತು. ಕೈಬಿಡುವುದು ಇನ್ನೂ ಸುಲಭ, ಆದರೆ 1939ರ ಕಾನೂನು ಮತ್ತು ಜಿನೀವಾದ ಹನ್ನೊಂದು ವರ್ಷ ಕೂಡ ಅದರೊಂದಿಗೆ ಹೋಗುತ್ತವೆ. ನಾನಾದರೆ 'ದಂಪತಿ' ಎಂಬ ಪದವನ್ನೇ ಬಿಡುತ್ತೇನೆ. ಆಲ್ವಾ ಒಬ್ಬರನ್ನೇ ತೆಗೆದುಕೊಂಡು, 1934ರ ತಪ್ಪನ್ನೂ ಅವರ ಲೆಕ್ಕಕ್ಕೇ ಬರೆದು, ಮುತ್ತಮ್ಮನವರ ಪಕ್ಕದಲ್ಲಿ ಕೂರಿಸುತ್ತೇನೆ. ಇದರಲ್ಲೂ ತೊಂದರೆ ಇದೆ. ಇಪ್ಪತ್ತು ನಿಮಿಷ ಸಾಲದು, ಮತ್ತು ಹಾರ ತುರಾಯಿಯ ಕಾರ್ಯಕ್ರಮದಲ್ಲಿ ಸಂತಾನಹರಣದ ಮಾತು ಎತ್ತಿದರೆ ವೇದಿಕೆಯ ಮೇಲಿನವರು ಕಸಿವಿಸಿ ಪಡುತ್ತಾರೆ. ಪ್ರಾಂಶುಪಾಲರಿಗೆ ಮೊದಲೇ ಒಂದು ಮಾತು ತಿಳಿಸಿಡಿ.

ದೆಹಲಿಯ ವಿಷಯಕ್ಕೆ ಆಲ್ವಾ ಅವರೇ ಒಂದು ಉತ್ತರ ಬರೆದಿದ್ದಾರೆ. ವಿಯೋಲಾ ಕ್ಲೈನ್ ಜೊತೆ 1956ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ, ಹೆಣ್ಣಿನ ಬದುಕು ಈಗ ದೀರ್ಘವಾಗಿದೆ, ಮಕ್ಕಳು ಸಣ್ಣವರಿರುವಾಗ ಕೆಲ ವರ್ಷ ಬಿಡುವು ಪಡೆದು ಮತ್ತೆ ಉದ್ಯೋಗಕ್ಕೆ ಮರಳಬಹುದು ಎಂದರು. ಕೇಳಲು ಚೆನ್ನಾಗಿದೆ. ಆದರೆ ಮರಳಿದಾಗ ಕುರ್ಚಿ ಖಾಲಿ ಇರುತ್ತದೆ ಎಂಬ ಭರವಸೆಯನ್ನು ಪುಸ್ತಕ ಕೊಡಲಾರದು, ಬಿಡುವು ಗಂಡಸೂ ಪಡೆಯಬಹುದಲ್ಲವೇ ಎಂಬ ಪ್ರಶ್ನೆಯನ್ನು ಅದು ಗಟ್ಟಿಯಾಗಿ ಎತ್ತಲೂ ಇಲ್ಲ. ಮುಂದಿನ ಸ್ತ್ರೀವಾದಿಗಳು ತಕರಾರು ತೆಗೆದದ್ದು ಇಲ್ಲೇ.

ಹಾಗಾಗಿ ಮನೆಯಲ್ಲಿ ಚರ್ಚೆಗೆ ಕೂರುವ ಮೊದಲು ಕಾಲೇಜಿನಲ್ಲಿ ಮೂರು ವರ್ಷದ ವೇತನರಹಿತ ರಜೆ ಸಿಗುತ್ತದೆಯೇ ಎಂದು ಲಿಖಿತವಾಗಿ ಕೇಳಿ, ಬಾಯಿಮಾತು ನೆಚ್ಚಬೇಡಿ. ನೋಂದಣಿ ಉಳಿಸಿಕೊಂಡು ದೆಹಲಿಯಿಂದಲೇ ಬರೆಯಲು ಮಾರ್ಗದರ್ಶಕರು ಒಪ್ಪುತ್ತಾರೆಯೇ, ನಡುವೆ ಕ್ಷೇತ್ರಕಾರ್ಯಕ್ಕೆ ಎಷ್ಟು ಬಾರಿ ಊರಿಗೆ ಬರಬೇಕು, ಆಗ ಮಗಳು ಯಾರ ಬಳಿ ಇರುತ್ತಾಳೆ ಎಂದು ನೋಡಿ. ನೀವು ಇಲ್ಲೇ ಉಳಿದು ಅವರು ಒಬ್ಬರೇ ಹೋದರೆ ಎರಡು ಸಂಸಾರದ ಖರ್ಚು, ಮಗುವಿನ ಪೂರ್ತಿ ಹೊರೆ ನಿಮ್ಮ ಮೇಲೆ. ಎಲ್ಲರೂ ಹೋದರೆ ನಿಮ್ಮ ಸೇವಾವಧಿಗೆ ಕತ್ತರಿ. ನಾಲ್ಕು ವರ್ಷದ ಮಗು ಜಾಗ ಬದಲಾವಣೆಗೆ ಬೇಗ ಹೊಂದಿಕೊಳ್ಳುತ್ತದೆ, ಆ ಒಂದು ಚಿಂತೆಯನ್ನು ಸ್ವಲ್ಪ ಹಗುರ ಮಾಡಿಕೊಳ್ಳಿ. ಮತ್ತೆ ನಿಮ್ಮ ಮನೆಯವರನ್ನು ಇದನ್ನೂ ಕೇಳಿ: ಮೂರು ವರ್ಷದ ನಂತರ ಹುದ್ದೆಯ ಕರೆ ನಿಮಗೆ ಬಂದರೆ, ಯಾವ ಊರಿಗಾದರೂ ಸರಿ, ಆಗ ಅವರು ಏನು ಮಾಡುತ್ತಾರೆ? ಗುನ್ನಾರ್ ದೆಹಲಿಗೆ ಬರಲು ಎರಡು ವರ್ಷ ತೆಗೆದುಕೊಂಡರು.